ಮೊಬೈಲಿನ ಬಾಗಿಲು ಮತ್ತು ನಮ್ಮ ಹೊಟೇಲು ಬಂಧುಗಳು

ಹಬ್ಬಕ್ಕೆ ಊರಿಗೆ ಹೊರಡಬೇಕೆಂದು ರೈಲಿನ ಟಿಕೇಟು ಮಾಡಿಸಿ, ರಜೆ ದೊರೆಯದ ಕಾರಣ ಅದನ್ನು ರದ್ದುಪಡಿಸಿದ ಹೊಟೇಲು ನೌಕರರೊಬ್ಬರು ಮೊನ್ನೆ ನಮ್ಮಲ್ಲಿಗೆ ಬಂದಿದ್ದರು. ಹಣ ಮರಳಿ ಬರುವುದು ತಡವಾಯಿತೆಂದು ಅವರು ಮೊಬೈಲಿನಲ್ಲಿ ಹುಡುಕಿ, ಮೊದಲು ಕಣ್ಣಿಗೆ ಬಿದ್ದ ‘ಸಹಾಯವಾಣಿ’ಯ ನಂಬರಿಗೆ ಫೋನು ಮಾಡಿದರಂತೆ. ಆ ಕಡೆಯವನು ಬಹು ವಿನಯದಿಂದ ಮಾತನಾಡಿ, ಒಂದು ಲಿಂಕನ್ನು ಕಳುಹಿಸಿ, ಅದರಿಂದ ಬರುವ ಆ್ಯಪನ್ನು ಹಾಕಿಕೊಳ್ಳಿರೆಂದನು. ಇವರು ಹಾಕಿಕೊಂಡರು. ಟಿಕೇಟಿನ ಹಣ ಬರಲಿಲ್ಲ. ಮನೆಯ ಮಾಡಿನ ದುರಸ್ತಿಗೆಂದು ಕೂಡಿಟ್ಟಿದ್ದ ಹಣ ಹೋಯಿತು.

ಇಂಥವರನ್ನು ಕಂಡು ‘ಓದುಬರಹ ಇಲ್ಲದವರು’ ಎಂದು ನಗುವುದು ಸುಲಭ. ಆದರೆ ಕಛೇರಿಯಲ್ಲಿ ಇಪ್ಪತ್ತು ವರ್ಷ ಲೆಕ್ಕ ಬರೆದ ಗುಮಾಸ್ತರೂ ಹೀಗೆಯೇ ಮೋಸ ಹೋದುದನ್ನು ನಾವು ಬಲ್ಲೆವು. ರದ್ದಾದ ಇ-ಟಿಕೇಟಿನ ಹಣ, ಅದನ್ನು ಪಾವತಿ ಮಾಡಿದ ಖಾತೆಗೆ ತಾನಾಗಿಯೇ ಬಂದು ಸೇರುತ್ತದೆ. ಅದಕ್ಕಾಗಿ ಯಾರಿಗೂ ಫೋನು ಮಾಡಬೇಕಾಗಿಲ್ಲ, ಯಾವ ಪಿನ್ನನ್ನೂ ಒತ್ತಬೇಕಾಗಿಲ್ಲ. ತನ್ನ ಹೆಸರಿನ ನಕಲಿ ಆ್ಯಪೊಂದು ಹರಡುತ್ತಿದೆಯೆಂದು ಐ.ಆರ್.ಸಿ.ಟಿ.ಸಿ. ಸಂಸ್ಥೆಯು 2023ರಲ್ಲಿಯೇ ಎಚ್ಚರಿಸಿತ್ತು. ಆದರೆ ರಾತ್ರಿ ಹನ್ನೊಂದಕ್ಕೆ ಮೇಜು ಒರೆಸಿ ಮಲಗುವವನ ಬಳಿಗೆ ಆ ಎಚ್ಚರಿಕೆ ನಡೆದು ಬಂದೀತೇ?

ಮೊಬೈಲಿನಲ್ಲಿ ಒಂದು ಪುಟವನ್ನು ತೆರೆದಾಗ ಮೇಲ್ತುದಿಯಲ್ಲಿ ಅದರ ವಿಳಾಸ ಕಾಣುತ್ತದೆ. ಅದನ್ನು ಓದುವ ಕ್ರಮವನ್ನು ನಮ್ಮವರಿಗೆ ಯಾರೂ ಕಲಿಸಿಲ್ಲ. ಊರಿಗೆ ಬರೆಯುವ ಕಾಗದದ ವಿಳಾಸವನ್ನು ನೆನೆಯಿರಿ. ಮೊದಲ ಸಾಲಿನಲ್ಲಿ ಎಷ್ಟೇ ದೊಡ್ಡ ಹೆಸರಿದ್ದರೂ, ಕೊನೆಯಲ್ಲಿ ಬರೆದ ಊರಿಗೇ ಕಾಗದ ಹೋಗುತ್ತದೆ. ಇಲ್ಲಿಯೂ ಹಾಗೆಯೇ. ಮೊದಲ ಒಂಟಿ ಓರೆಗೆರೆಗೆ ಮುಂಚೆ, ಕಟ್ಟಕಡೆಗೆ ಬರುವ ಭಾಗವೇ ಒಡೆಯನ ಗುರುತು. ಅದಕ್ಕೆ ಎಡಗಡೆ ಬ್ಯಾಂಕಿನ ಹೆಸರನ್ನೋ ರೈಲ್ವೆಯ ಹೆಸರನ್ನೋ ಯಾವ ಠಕ್ಕನಾದರೂ ಅಂಟಿಸಬಹುದು. ಬ್ಯಾಂಕುಗಳೆಲ್ಲ 2025ರ ಅಕ್ಟೋಬರ್ 31ರೊಳಗೆ ‘ಡಾಟ್ ಬ್ಯಾಂಕ್ ಡಾಟ್ ಇನ್’ ಎಂದು ಕೊನೆಗೊಳ್ಳುವ ವಿಳಾಸಕ್ಕೆ ಬದಲಾಗಬೇಕೆಂದು ರಿಸರ್ವ್ ಬ್ಯಾಂಕು ವಿಧಿಸಿದ್ದು ಈ ಕಾರಣದಿಂದಲೇ. ಇದು ಸ್ತುತ್ಯ ಕ್ರಮ.

ಬೀಗದ ಚಿಹ್ನೆಯನ್ನು ಕಂಡು ನಂಬುವವರೂ ಅನೇಕರು. ಆ ಬೀಗ ಹೇಳುವುದು ಇಷ್ಟೇ: ನಿಮಗೂ ಆ ಪುಟಕ್ಕೂ ನಡುವೆ ಹೋಗುವ ಮಾತನ್ನು ಮೂರನೆಯವನು ಓದಲಾರನು. ಆ ಪುಟದ ಒಡೆಯನೇ ಕಳ್ಳನಾದರೆ ಬೀಗವೇನು ಮಾಡೀತು? ಜನ ಹೀಗೆ ತಪ್ಪು ತಿಳಿಯುತ್ತಾರೆಂದೇ ಗೂಗಲ್ ಸಂಸ್ಥೆಯು 2023ರಲ್ಲಿ ತನ್ನ ಕ್ರೋಮ್ ಬ್ರೌಸರಿನಿಂದ ಆ ಚಿತ್ರವನ್ನು ತೆಗೆದು ಬೇರೊಂದನ್ನು ಇರಿಸಿತು.

2016ರ ಜನವರಿಯಲ್ಲಿ ಮುಂಬಯಿ ಸೆಂಟ್ರಲ್ ನಿಲ್ದಾಣದಲ್ಲಿ ಪುಕ್ಕಟೆ ವೈಫೈ ಆರಂಭವಾದಾಗ ಅದರ ಬಗ್ಗೆ ಭೀತಿಯ ಮಾತುಗಳು ಬಹಳ ಕೇಳಿಬಂದುವು. ಹಣದ ವ್ಯವಹಾರವನ್ನು ಅಲ್ಲಿ ಮಾಡದಿರುವುದೇ ಲೇಸು, ಸರಿ. ಆದರೆ ಆರು ಮಂದಿ ಮಲಗುವ ಕೋಣೆಯಲ್ಲಿ ಒಂದೇ ಮೊಬೈಲು ಕೈಯಿಂದ ಕೈಗೆ ಹೋಗುವುದು, ಬ್ರೌಸರು ‘ಪಾಸ್‌ವರ್ಡನ್ನು ನೆನಪಿಡಲೇ’ ಎಂದಾಗ ಹೂಂ ಎಂದುಬಿಡುವುದು, ನಮ್ಮ ದೃಷ್ಟಿಯಲ್ಲಿ ಅದಕ್ಕಿಂತ ಹೆಚ್ಚಿನ ಅಪಾಯ.

ನಮ್ಮನ್ನು ಕಾಣಲು ಬಂದ ಆ ಬಂಧು ಹಣ ಹೋದ ಬಳಿಕ ನಾಲ್ಕು ದಿನ ಯಾರಿಗೂ ಹೇಳಿರಲಿಲ್ಲ. ಮಾಲಿಕರು ಬೈದಾರು, ಜತೆಯವರು ನಕ್ಕಾರು ಎಂಬ ಅಂಜಿಕೆ! ವಂಚನೆಗಿಂತ ಈ ನಾಚಿಕೆಯೇ ಅವರನ್ನು ಹೆಚ್ಚು ಕೆಡಿಸಿತೆಂದು ನಮಗೆ ತೋರುತ್ತದೆ. 1930 ಎಂಬ ನಂಬರಿಗೆ ಒಡನೆಯೇ ದೂರಿತ್ತರೆ, ಕದ್ದ ಹಣ ಇನ್ನೊಂದು ಖಾತೆಗೆ ದಾಟುವ ಮೊದಲು ತಡೆಹಿಡಿಯುವ ಸಂಭವವುಂಟು. ಗಂಟೆಗಳು ಕಳೆದಂತೆ ಆ ಸಂಭವ ಕ್ಷೀಣಿಸುತ್ತದೆ. ಗ್ರಾಹಕನ ಅಜಾಗರೂಕತೆಯಿಂದ ನಷ್ಟವಾದಾಗಲೂ, ಬ್ಯಾಂಕಿಗೆ ತಿಳಿಸಿದ ಮೇಲೆ ಆಗುವ ನಷ್ಟವನ್ನು ಬ್ಯಾಂಕೇ ಹೊರಬೇಕೆಂದು ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆ ಹೇಳಿತ್ತು.

ಹೊಟೇಲು ಮಾಲಿಕರಲ್ಲಿ ನಮ್ಮ ವಿಜ್ಞಾಪನೆ ದೊಡ್ಡದೇನಲ್ಲ. ಮೋಸಹೋದ ನೌಕರನಿಗೆ ಆ ಕೂಡಲೇ ಬ್ಯಾಂಕಿಗೂ ಠಾಣೆಗೂ ಹೋಗಲು ಅರ್ಧ ದಿನದ ಬಿಡುವನ್ನು ಸಂಬಳ ಕಡಿಯದೆ ಕೊಡಿರಿ. ಅಡಿಗೆಮನೆಯ ಬಾಗಿಲ ಬಳಿ, ಹಾಲಿನ ಲೆಕ್ಕ ಬರೆಯುವ ಹಲಗೆಯ ಮೇಲೆಯೇ ಆಗಲಿ, 1930 ಎಂದು ಕನ್ನಡದಲ್ಲಿ ಬರೆಯಿಸಿರಿ.