ನಂಬಿಕೆಯೂ ಇರಲಿ, ಕರಾರುಪತ್ರವೂ ಇರಲಿ



ವೀಸಾ ಬಂತು, ಟಿಕೆಟ್ ಕೈ ಸೇರಿತು ಎಂದರೆ ಎಲ್ಲ ಮುಗಿಯಿತೆಂದು ನಮ್ಮ ಮನೆಗಳಲ್ಲಿ ಭಾವಿಸುತ್ತಾರೆ. ಉಪ್ಪಿನಕಾಯಿ, ಕುಚ್ಚಲಕ್ಕಿ, ಮಸಾಲೆ ಪುಡಿ ಎಲ್ಲವೂ ಪೆಟ್ಟಿಗೆ ಸೇರುತ್ತವೆ. ಆದರೆ ದುಬೈಗೆ ಹೊರಟ ಮಗಳು ಅಲ್ಲಿ ಇಳಿದುಕೊಳ್ಳುವ ಮನೆ ಯಾರ ಹೆಸರಿನಲ್ಲಿದೆ ಎಂದು ಕೇಳುವವರು ವಿರಳ. ‘ಅದೆಲ್ಲ ಗಂಡ ನೋಡಿಕೊಳ್ಳುತ್ತಾನೆ’ ಎಂಬುದು ಸಿದ್ಧ ಉತ್ತರ. ಗಂಡ ಬೆಳಿಗ್ಗೆ ಹೋದರೆ ಮರಳುವುದು ರಾತ್ರಿಗೆ. ಆ ಗೋಡೆಗಳ ನಡುವೆ ಇಡೀ ದಿನ ಕಳೆಯಬೇಕಾದವಳು ನೀವಲ್ಲವೇ?

ಅನೇಕ ಕಡೆ ನಡೆಯುವುದು ಹೀಗೆ: ದೇರಾದಲ್ಲೋ ಅಲ್ ಖುಸೈಸ್‌ನಲ್ಲೋ ಊರಿನವರೊಬ್ಬರು ಫ್ಲ್ಯಾಟ್ ಹಿಡಿದಿರುತ್ತಾರೆ. ಅದರ ಒಂದು ಕೋಣೆಯನ್ನು ನಿಮಗೆ ಕೊಡುತ್ತಾರೆ. ಅಡುಗೆ ಮನೆ ಇಬ್ಬರಿಗೂ ಒಂದೇ. ತಿಂಗಳ ಬಾಡಿಗೆಯನ್ನು ಅವರ ಕೈಗೆ ಕೊಟ್ಟರಾಯಿತು. ‘ನಮ್ಮವರೇ ತಾನೇ, ಕಾಗದಪತ್ರ ಯಾಕೆ?’ ಎಂದು ಎರಡೂ ಕಡೆಯವರು ಸುಮ್ಮನಿರುತ್ತಾರೆ.

ತೊಡಕು ಇರುವುದು ಇಲ್ಲಿಯೇ. ದುಬೈಯ 2007ರ ಬಾಡಿಗೆ ಕಾನೂನಿನ ಪ್ರಕಾರ, ಮನೆ ಮಾಲಕನ ಲಿಖಿತ ಅನುಮತಿಯಿಲ್ಲದೆ ಬಾಡಿಗೆದಾರನು ಮನೆಯನ್ನು ಇನ್ನೊಬ್ಬರಿಗೆ ಬಾಡಿಗೆಗೆ ಕೊಡುವಂತಿಲ್ಲ. ಕೊಟ್ಟರೆ ಮಾಲಕನು ಇಬ್ಬರನ್ನೂ ತೆರವುಗೊಳಿಸಲು ಕೇಳಬಹುದು. ಆಗ ನೀವು ಪರಿಹಾರ ಕೇಳಬೇಕಾದದ್ದು ನಿಮಗೆ ಕೋಣೆ ಕೊಟ್ಟವರಿಂದಲೇ. ಕೈಯಲ್ಲಿ ಒಂದು ರಶೀದಿಯೂ ಇಲ್ಲದಿದ್ದರೆ ಏನನ್ನು ತೋರಿಸುವಿರಿ? ಊರಿನ ಸಂಬಂಧವೂ ಕೆಡುತ್ತದೆ, ಕೊಟ್ಟ ಹಣವೂ ಹೋಗುತ್ತದೆ.

ಇನ್ನು ಹಲಗೆ ಹೊಡೆದು ಒಂದು ಕೋಣೆಯನ್ನು ಮೂರು ಮಾಡುವ ‘ಪಾರ್ಟಿಶನ್’ಗಳ ಮಾತು. 2025ರ ಜೂನ್‌ನಲ್ಲಿ ದುಬೈ ನಗರಾಡಳಿತವು ರಿಗ್ಗ, ಸತ್ವ ಮುಂತಾದ ಕಡೆ ಅನುಮತಿಯಿಲ್ಲದ ಇಂತಹ ವಿಭಜನೆಗಳ ವಿರುದ್ಧ ಕ್ರಮ ಕೈಗೊಂಡಿತು. ಬೆಂಕಿ ಬಿದ್ದರೆ ಹೊರಗೆ ಬರಲು ದಾರಿ ಇರುವುದಿಲ್ಲ ಎಂಬುದು ಮುಖ್ಯ ಆತಂಕ. ಅಪರಿಚಿತ ಪುರುಷರು ಹಲಗೆಯ ಆಚೆ ಮಲಗುವ ಜಾಗದಲ್ಲಿ ಮಹಿಳೆಯ ಖಾಸಗಿತನದ ಗತಿ ಏನು ಎಂಬುದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಹಾಗಾದರೆ ಏನು ಮಾಡಬೇಕು? ಹೊರಡುವ ಮೊದಲೇ ಫೋನಿನಲ್ಲಿ ಮೂರು ಪ್ರಶ್ನೆ ಕೇಳಿ. ಬಾಡಿಗೆ ಕರಾರು ಯಾರ ಹೆಸರಿನಲ್ಲಿದೆ? ಅದು ‘ಇಜಾರಿ’ಯಲ್ಲಿ ನೋಂದಣಿಯಾಗಿದೆಯೇ? ಇತರರೊಂದಿಗೆ ವಾಸವಾದರೆ, ಮಾಲಕನ ಅನುಮತಿಯೊಂದಿಗೆ ನಮ್ಮ ಹೆಸರೂ ಅದರಲ್ಲಿ ದಾಖಲಾಗುತ್ತದೆಯೇ? ‘ಇಜಾರಿ’ ಎಂದರೆ ಅರಬಿಯಲ್ಲಿ ‘ನನ್ನ ಬಾಡಿಗೆ’. 2010ರಿಂದ ದುಬೈಯಲ್ಲಿ ಬಾಡಿಗೆ ಕರಾರುಗಳು ಇದರಲ್ಲಿ ನೋಂದಣಿಯಾಗುತ್ತಿವೆ. ವಿದ್ಯುತ್ ಸಂಪರ್ಕಕ್ಕೂ ಕುಟುಂಬದ ವೀಸಾಕ್ಕೂ ಇದೇ ಆಧಾರ. ಮನೆಯಲ್ಲಿ ಜೊತೆಗಿರುವವರ ಹೆಸರನ್ನೂ ದಾಖಲಿಸಬೇಕೆಂದು 2022ರಲ್ಲಿ ಅಲ್ಲಿನ ಭೂ ಇಲಾಖೆ ಸೂಚಿಸಿತು.

ಹಣದ ಲೆಕ್ಕವನ್ನೂ ಮೊದಲೇ ಹಾಕಿ. ಉದಾಹರಣೆಗೆ, ವರ್ಷದ ಬಾಡಿಗೆ 50,000 ದಿರ್ಹಮ್ ಎಂದಿಟ್ಟುಕೊಳ್ಳಿ. ಬಾಡಿಗೆಯನ್ನು ತಿಂಗಳಿಗಲ್ಲ, ಮುಂದಿನ ದಿನಾಂಕದ ಚೆಕ್‌ಗಳಲ್ಲಿ ಕೊಡುವುದು ರೂಢಿ. ನಾಲ್ಕು ಚೆಕ್ ಆದರೆ ಮೊದಲನೆಯದೇ 12,500. ಠೇವಣಿ ಸಾಮಾನ್ಯವಾಗಿ ಶೇ. 5, ಅಂದರೆ 2,500. ದಲ್ಲಾಳಿಗೆ ಸುಮಾರು ಅಷ್ಟೇ. ನೀರು-ವಿದ್ಯುತ್ ಠೇವಣಿ ಫ್ಲ್ಯಾಟಿಗೆ 2,000. ಬೀಗದ ಕೈ ಸಿಗುವ ಹೊತ್ತಿಗೆ 19,500 ದಿರ್ಹಮ್ ಖಾಲಿ! ಇದರ ಮೇಲೆ ವರ್ಷದ ಬಾಡಿಗೆಯ ಶೇ. 5ರಷ್ಟು ನಗರಾಡಳಿತದ ವಸತಿ ಶುಲ್ಕ ಪ್ರತಿ ತಿಂಗಳು ವಿದ್ಯುತ್ ಬಿಲ್ಲಿನೊಂದಿಗೆ ಬರುತ್ತದೆ.

ಈ ಮೊತ್ತ ಕೂಡಿಸಲು ಎಷ್ಟೋ ಮನೆಗಳಲ್ಲಿ ಮೊದಲು ಕಣ್ಣು ಬೀಳುವುದು ಹೆಂಡತಿಯ ಚಿನ್ನದ ಮೇಲೆ. ಸಹೋದರಿ, ಮಹ್ರ್ ಆಗಿ ಬಂದ ಚಿನ್ನ ನಿಮ್ಮದು. ಸಂಸಾರಕ್ಕಾಗಿ ಸಂತೋಷದಿಂದ ಕೊಟ್ಟರೆ ಅದು ನಿಮ್ಮ ಔದಾರ್ಯ. ಸಾಲವಾಗಿ ಕೊಟ್ಟರೆ ಎಷ್ಟು ಪವನ್, ಯಾವಾಗ ಮರಳಿ ಬರುತ್ತದೆ ಎಂದು ಬರೆದಿಡಿ. ಗಂಡನ ಮೇಲೆ ಅಪನಂಬಿಕೆಯೇ ಎಂದು ಅತ್ತೆ ಹುಬ್ಬೇರಿಸಬಹುದು. ಪವಿತ್ರ ಕುರ್‌ಆನ್‌ನ ಅತ್ಯಂತ ದೀರ್ಘ ಸೂಕ್ತವಾದ ಅಲ್ ಬಕರಃದ 282ನೇ ಸೂಕ್ತವು ಸಾಲದ ವ್ಯವಹಾರವನ್ನು ಬರೆದಿಡಬೇಕೆಂದೇ ಕಲಿಸುತ್ತದೆ ಎಂದು ವಿನಯದಿಂದ ತಿಳಿಸಿ. ಮೊತ್ತ ಸಣ್ಣದಿರಲಿ, ದೊಡ್ಡದಿರಲಿ ಬರೆಯಲು ಬೇಸರಿಸಬಾರದೆಂದು ಅದು ಆದೇಶಿಸುತ್ತದೆ. ಆ ಆದೇಶ ವಿಶ್ವಾಸಿಗಳಿಗೇ ಬಂದದ್ದು, ಶತ್ರುಗಳಿಗಲ್ಲ.

ಪ್ರವಾದಿ ಮುಹಮ್ಮದ್(ಸ) ಮಕ್ಕಾ ಬಿಟ್ಟು ಮದೀನಾ ತಲುಪಿದಾಗ ಅವರಿಗೂ ಅದು ಹೊಸ ಊರು. ಹಝ್ರತ್ ಅಬೂ ಅಯ್ಯೂಬ್ ಅನ್ಸಾರಿ(ರ)ಯವರ ಮನೆಯಲ್ಲಿ ಅವರು ಸುಮಾರು ಏಳು ತಿಂಗಳು ಅತಿಥಿಯಾಗಿದ್ದರು. ಮಸೀದಿ ಕಟ್ಟಲು ಆರಿಸಿದ ಜಾಗ ಇಬ್ಬರು ಅನಾಥ ಬಾಲಕರದ್ದು. ಅದನ್ನು ಉಚಿತವಾಗಿ ಕೊಡುತ್ತೇವೆಂದರೂ ಪ್ರವಾದಿ(ಸ) ಒಪ್ಪದೆ ಬೆಲೆ ಕೊಟ್ಟೇ ಪಡೆದರು. ಆತಿಥ್ಯ ಬೇರೆ, ವ್ಯವಹಾರ ಬೇರೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಪಾಠ ಬೇಕೇ?

ಗಲ್ಫ್‌ನಲ್ಲಿ ಈಗಾಗಲೇ ನೆಲೆಸಿರುವ ಸಹೋದರಿಯರೇ, ನಿಮಗೂ ಒಂದು ಮಾತು. ಹೊಸದಾಗಿ ಬಂದವಳನ್ನು ಕೆಲವು ದಿನ ಅತಿಥಿಯಾಗಿ ಇಟ್ಟುಕೊಂಡರೆ ಅದು ಅನ್ಸಾರರ ಮಾದರಿ. ಆದರೆ ಬಾಡಿಗೆ ತೆಗೆದುಕೊಳ್ಳುವುದಾದರೆ ಮೊದಲು ಮಾಲಕನ ಅನುಮತಿ ಪಡೆಯಿರಿ, ಪಡೆದ ಹಣಕ್ಕೆ ರಶೀದಿ ಕೊಡಿ. ಮನೆ ಹುಡುಕಲು ಅವಳೊಂದಿಗೆ ಒಂದು ಸಂಜೆ ತಿರುಗಾಡಿ, ಕರಾರನ್ನು ಅವಳಿಗೆ ಓದಿ ಹೇಳಿ. ಮನೆಗಿಂತ ಮೊದಲು ನೆರೆಯವರನ್ನು ನೋಡು ಎಂಬ ಅರಬಿ ಗಾದೆಯಿದೆ. ಪರದೇಶದಲ್ಲಿ ಅವಳಿಗೆ ಸಿಗುವ ಮೊದಲ ನೆರೆಯವಳು ನೀವೇ ಆಗಿರುತ್ತೀರಿ. ಅಂತಹ ಒಳ್ಳೆಯ ನೆರೆಯವರಾಗಲು ಅಲ್ಲಾಹನು ನಮ್ಮೆಲ್ಲರನ್ನೂ ಅನುಗ್ರಹಿಸಲಿ.