ಪ್ಯಾಕೆಟ್ಟಿನ ಚಿತ್ರ ನೋಡಿ ಬೀಜ ಕೊಳ್ಳುವವರಿಗೆ

ಮೇ ಕೊನೆಯಲ್ಲಿ ಎರಡು ಮಳೆ ಬಿದ್ದರೆ ಸಾಕು, ನನ್ನ ಬೆಂಗಳೂರಿನ ಗೆಳೆಯರಿಗೆಲ್ಲ ಕೈತೋಟದ ಹುಚ್ಚು ಹತ್ತುತ್ತದೆ. (ನನಗೂ ಹತ್ತುತ್ತದೆ, ಸುಳ್ಳು ಯಾಕೆ ಹೇಳಲಿ.) ಮೊನ್ನೆ ಒಬ್ಬ ಮೊಬೈಲು ಮುಂದೆ ಹಿಡಿದ. 40 ಬಗೆಯ ಬೀಜ, ಒಂದೇ ಕಟ್ಟು, ಮನೆ ಬಾಗಿಲಿಗೆ ಬರುತ್ತದಂತೆ. ಲ್ಯಾವೆಂಡರ್, ರೋಸ್‌ಮೇರಿ, ಪೆಟೂನಿಯ, ಸಂಪಿಗೆ, ಕರಿಬೇವು... ಕೊನೆಗೆ ನೀಲಿ ಗುಲಾಬಿಯ ಬೀಜ! "ಹೆಂಗಿದೆ ಗುರೂ?" ಅಂದ. ಬೈದು ಕಳಿಸಿದೆ. ಆಮೇಲೆ ಬೈದಿದ್ದಕ್ಕೆ ಬೇಜಾರಾಯಿತು, ಯಾಕೆಂದರೆ ಅವನು ಇವತ್ತು ಮಾಡುತ್ತಿರುವ ತಪ್ಪನ್ನೇ ನಾನು ಒಂದು ಕಾಲಕ್ಕೆ ಅವನಿಗಿಂತ ಚೆನ್ನಾಗಿ ಮಾಡಿದ್ದೆ. ಅದಕ್ಕೇ ಇದನ್ನು ಸ್ವಲ್ಪ ಉದ್ದಕ್ಕೆ ಬರೆಯುತ್ತಿದ್ದೇನೆ.

ಮೊದಲು ಆ ನೀಲಿ ಗುಲಾಬಿಯ ವಿಷಯ ಮುಗಿಸಿಬಿಡೋಣ. ನೀಲಿ ಬಣ್ಣಕ್ಕೆ ಬೇಕಾದ ದ್ರವ್ಯವನ್ನು ತಯಾರಿಸುವ ಶಕ್ತಿ ಗುಲಾಬಿ ಗಿಡಕ್ಕೆ ಹುಟ್ಟಿನಿಂದಲೇ ಇಲ್ಲ. ಜಪಾನಿನ ಸಂಟೋರಿ ಕಂಪನಿ ಬೇರೆ ಗಿಡದ ಜೀನನ್ನು ಸೇರಿಸಿ, ವರ್ಷಗಟ್ಟಲೆ ಒದ್ದಾಡಿ, 2004ರಲ್ಲಿ ನೀಲಿ ಗುಲಾಬಿ ಮಾಡಿದೆವು ಎಂದು ಘೋಷಿಸಿತು. 2009ರಲ್ಲಿ ಮಾರಾಟಕ್ಕೂ ಬಿಟ್ಟಿತು. ಅಷ್ಟೆಲ್ಲ ಮಾಡಿದ ಮೇಲೂ ಅದು ತಿಳಿ ನೇರಳೆ ಬಣ್ಣದ ಹೂವು. ಅಂಥದ್ದರಲ್ಲಿ 99 ರೂಪಾಯಿಗೆ 50 ಬೀಜ ಕೊಡುತ್ತೇವೆ ಅನ್ನುವವನು ನಿಮಗೆ ಏನನ್ನು ಕಳಿಸಿಯಾನು? ಸುಮ್ಮನೆ ಯೋಚಿಸಿ. ಮೇಲಾಗಿ ಹೂವಿನಂಗಡಿಯ ಗುಲಾಬಿಗಳನ್ನು ಯಾರೂ ಬೀಜದಿಂದ ಬೆಳೆಸುವುದಿಲ್ಲ, ಕಣ್ಣು ಕಸಿ ಮಾಡಿಯೋ ಕಡ್ಡಿ ನೆಟ್ಟೋ ಬೆಳೆಸುತ್ತಾರೆ.

ಇದು ಕಣ್ಣಿಗೆ ಕಾಣುವ ಮೋಸ. ನನ್ನ ಜಗಳ ಇದರ ಜತೆಗಲ್ಲ. ಮೋಸವೇ ಇಲ್ಲದ, ಲೇಬಲ್ಲು ಸರಿಯಾಗಿರುವ, ಹಾಕಿದರೆ ಹತ್ತಕ್ಕೆ ಒಂಬತ್ತು ಮೊಳೆಯುವ ಒಳ್ಳೆಯ ಪ್ಯಾಕೆಟ್ಟಿನ ಜತೆಗೇ ನನಗೆ ಜಗಳ.

ನಮ್ಮ ಮನೆ ಇರುವುದು ಸಾಗರ ತಾಲ್ಲೂಕಿನಲ್ಲಿ. ಅಮ್ಮ ಮದುವೆಯಾಗಿ ಬಂದಿದ್ದು 1974ರಲ್ಲಿ. ಬರುವಾಗ ತವರಿನಿಂದ ತಂದ ಸಾಮಾನಿನಲ್ಲಿ ಒಂದು ಕಾಗದದ ಪೊಟ್ಟಣದ ತುಂಬ ಕರ್ಣಕುಂಡಲದ ಬೀಜವೂ ಇತ್ತು. ಕೆಲವರು ಗೌರಿ ಹೂವು ಅನ್ನುತ್ತಾರಲ್ಲ, ಅದೇ. ಬಲಿತ ಕಾಯನ್ನು ಬೆರಳಲ್ಲಿ ಒತ್ತಿದರೆ ಪಟ್ಟನೆ ಸುರುಳಿ ಸುತ್ತಿಕೊಂಡು ಬೀಜ ಸಿಡಿಸುತ್ತದೆ. ಅಮ್ಮನದು ತಿಳಿ ಕೆಂಪಿನ ಮೇಲೆ ಬಿಳಿ ಚುಕ್ಕೆ ಇರುವ, ಎಸಳು ಸುತ್ತು ಸುತ್ತಾಗಿ ಬರುವ ಜಾತಿ. ಪ್ರತಿ ವರ್ಷ ಮಳೆ ಹಿಡಿಯುವ ಹೊತ್ತಿಗೆ ಬಿತ್ತುವುದು, ಚೌತಿ ಹಬ್ಬಕ್ಕೆ ಹೂವು, ಆಮೇಲೆ ಚೆನ್ನಾಗಿ ಬಂದ ನಾಲ್ಕು ಗಿಡವನ್ನು ಬೀಜಕ್ಕೆ ಬಿಡುವುದು, ಬೀಜವನ್ನು ಬೂದಿ ಬೆರೆಸಿ ಹಾರ್ಲಿಕ್ಸ್ ಬಾಟಲಿಗೆ ತುಂಬುವುದು. 40 ವರ್ಷ ಇದು ನಿಂತಿದ್ದಿಲ್ಲ.

2016ರಲ್ಲಿ ನಾನು ಬೆಂಗಳೂರಿನಿಂದ ದೊಡ್ಡ ಮನುಷ್ಯನ ಹಾಗೆ 12 ಪ್ಯಾಕೆಟ್ ಹೈಬ್ರಿಡ್ ಬೀಜ ತಗೊಂಡು ಹೋದೆ. "ಅದೇ ಹಳೇದು ಎಷ್ಟು ವರ್ಷ ಹಾಕ್ತೀಯಾ, ಈ ಸಲ ಇದನ್ನ ಹಾಕು" ಅಂದೆ. ಅಮ್ಮ ಪ್ಯಾಕೆಟ್ಟಿನ ಚಿತ್ರ ನೋಡಿದಳು, ನನ್ನ ಮುಖ ನೋಡಿದಳು, ಹಾಕಿದಳು. ಕರ್ಣಕುಂಡಲ ಹಾಕುತ್ತಿದ್ದ ಜಾಗಕ್ಕೆ ಚೆಂಡುಹೂವು ಬಂತು. ಬಂದ ಹೂವೋ, ಕೇಳಬೇಡಿ... ಒಂದೊಂದೂ ಮುಷ್ಟಿಗಾತ್ರ, ಎಲ್ಲ ಗಿಡವೂ ಅಳತೆ ಹಿಡಿದಂತೆ ಒಂದೇ ಎತ್ತರ. ನೋಡಲು ಊರವರೆಲ್ಲ ಬಂದು ಹೋದರು. ನಾನು ಫೋಟೋ ತೆಗೆದು ಎಲ್ಲರಿಗೂ ಕಳಿಸಿದೆ.

ಮುಂದಿನ ವರ್ಷ ಅಮ್ಮ ಅದೇ ಚೆಂಡುಹೂವಿನ ಬೀಜ ಎತ್ತಿಟ್ಟು ಹಾಕಿದಳು. ಒಂದು ಗಿಡ ಸೊಂಟದೆತ್ತರ, ಪಕ್ಕದ್ದು ಗೇಣುದ್ದ. ಒಂದಕ್ಕೆ ಒಂಟಿ ಎಸಳು, ಒಂದು ದೀಪಾವಳಿ ಕಳೆದ ಮೇಲೂ ಮೊಗ್ಗೇ ಬಿಡಲಿಲ್ಲ. ಇರಲಿ ಅಂತ ಕರ್ಣಕುಂಡಲದ ಬಾಟಲಿ ತೆಗೆದರೆ ಎರಡು ಮಳೆಗಾಲ ಕಂಡ ಬೀಜ ಬೂಸ್ಟು ಹಿಡಿದಿತ್ತು. ಮೊಳೆತದ್ದು ಎರಡೇ ಎರಡು. ಅವನ್ನು ಬಸವನಹುಳು ತಿಂದಿತು. ಅಲ್ಲಿಗೆ ಮುಗಿಯಿತು. ಅಮ್ಮ ನನಗೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಹಾಗಾದರೆ ಹೈಬ್ರಿಡ್ ಬೀಜ ಮಾಡುವವರು ಮೋಸಗಾರರಾ? ಖಂಡಿತ ಅಲ್ಲ. ರಾಣೆಬೆನ್ನೂರಿನ ಕಡೆ ಹೋದವರು ನೋಡಿರುತ್ತೀರಿ, ಹಳ್ಳಿ ಹಳ್ಳಿಯಲ್ಲಿ ಬೀಜೋತ್ಪಾದನೆ ನಡೆಯುತ್ತದೆ. ಟೊಮೆಟೊ, ಮೆಣಸಿನ ಮೊಗ್ಗನ್ನು ಅರಳುವ ಮೊದಲೇ ಚಿಮುಟದಲ್ಲಿ ಬಿಡಿಸಿ ಗಂಡು ಕೇಸರ ಕಿತ್ತುಹಾಕಬೇಕು. ಮರುದಿನ ಬೆಳಿಗ್ಗೆ ಬೇರೆ ಸಾಲಿನ ಪರಾಗ ತಂದು ಮುಟ್ಟಿಸಬೇಕು. ಒಂದೊಂದು ಹೂವಿಗೂ ಇದೇ ಕೆಲಸ, ಹೆಚ್ಚಾಗಿ ಹೆಣ್ಣುಮಕ್ಕಳ ಕೈಯಲ್ಲಿ. ಪೆಟೂನಿಯದಂಥ ಹೂವಿನ ಹೈಬ್ರಿಡ್ ಬೀಜದ ಹಿಂದೆಯೂ ಇಂಥದ್ದೇ ಕೈಕೆಲಸ ಇದೆ. ಹಾಗಾಗಿ ಅದರ ಬೆಲೆಯ ಬಗ್ಗೆ ನನಗೆ ತಕರಾರಿಲ್ಲ. ಎರಡು ಬೇರೆ ಬೇರೆ ಶುದ್ಧ ಸಾಲನ್ನು ಕೂಡಿಸಿದ ಮೊದಲ ತಲೆಮಾರು ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತೆ ಬರುತ್ತದೆ, ಎರಡನೇ ತಲೆಮಾರಿನಲ್ಲಿ ಅಜ್ಜ ಅಜ್ಜಿಯರ ಗುಣವೆಲ್ಲ ಬಿಡಿಬಿಡಿಯಾಗಿ ಹೊರಬೀಳುತ್ತದೆ. ದಸರಾ ಮಾರುಕಟ್ಟೆಗೆ ಒಂದೇ ದಿನ ಒಂದೇ ಗಾತ್ರದ ಹೂವು ಕೊಯ್ಯಬೇಕಾದ ರೈತನಿಗೆ ಅದು ಬೇಕು. ನಮಗ್ಯಾಕೆ ಸ್ವಾಮೀ ಬೇಕು? ಅಂಗಳದಲ್ಲಿ ದಿನಕ್ಕೆ ನಾಲ್ಕು ಹೂವು ಹಿಂದೆ ಮುಂದೆ ಅರಳಿದರೆ ಯಾರ ಗಂಟು ಹೋಗುತ್ತದೆ?

ಆದ್ದರಿಂದ ಹೂವಿನ ಬೀಜ ಆರಿಸುವಾಗ ನಾನು ಕೇಳುವುದು ಒಂದೇ ಪ್ರಶ್ನೆ. ಈ ಗಿಡದಿಂದ ಮುಂದಿನ ವರ್ಷಕ್ಕೆ ಬೀಜ ಎತ್ತಿಡಬಹುದಾ, ಪಕ್ಕದ ಮನೆಯವರಿಗೆ ಒಂದು ಚಿಟಿಕೆ ಕೊಡಬಹುದಾ? ಹೌದು ಅನ್ನುವುದಾದರೆ ಮಾತ್ರ ಮುಂದಿನ ಮಾತು. ಪ್ಯಾಕೆಟ್ಟಿನ ಮೇಲೆ ಎಫ್1 ಅಂತ ಇದ್ದರೆ ಕೆಳಗಿಡುತ್ತೇನೆ. ಕರ್ಣಕುಂಡಲ, ಶಂಖಪುಷ್ಪ, ಸಂಜೆಮಲ್ಲಿಗೆ, ಕಾಸ್ಮಾಸ್, ಜೀನಿಯ, ಮಾಮೂಲಿ ಚೆಂಡುಹೂವು ಎಲ್ಲವೂ ಬೀಜ ಕಟ್ಟುತ್ತವೆ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆ ಬಿಡುಗಡೆ ಮಾಡಿದ ಕಾಮಿನಿ, ಪೂರ್ಣಿಮಾ, ಶಶಾಂಕ್ ಎಂಬ ಆಸ್ಟರ್ ತಳಿಗಳಿವೆ, ನೀವೇ ಬೀಜ ಮಾಡಿಕೊಳ್ಳಬಹುದು. ವಿಜ್ಞಾನಿಗಳು ಮಾಡಿದ್ದೆಲ್ಲ ಬೇಡ ಅನ್ನುವ ಪೈಕಿ ನಾನಲ್ಲ. ಕನಕಾಂಬರದ ಒಣಗಿದ ಕಾಯಿಗೆ ನೀರು ಸೋಕಿದರೆ ಚಟಪಟ ಸಿಡಿದು ತಾನೇ ಬೀಜ ಎರಚಿಕೊಳ್ಳುತ್ತದೆ. ಆದರೆ ಮಾರುಕಟ್ಟೆಯ ಗಾಢ ಬಣ್ಣದ ಡೆಲ್ಲಿ ಕನಕಾಂಬರ ಇದೆಯಲ್ಲ, ಅದು ಬೀಜ ಕಟ್ಟುವುದಿಲ್ಲ, ಕಡ್ಡಿಯೇ ಗತಿ. "ಡೆಲ್ಲಿ ಕನಕಾಂಬರದ ಬೀಜ" ಅಂತ ಯಾರಾದರೂ ಕೊಟ್ಟರೆ ನಮಸ್ಕಾರ ಮಾಡಿ ಬಂದುಬಿಡಿ.

ಈಗ ಇನ್ನೊಂದು ಪಂಗಡ ಹುಟ್ಟಿಕೊಂಡಿದೆ. ಅದೇ ಬೀಜಕ್ಕೆ 'ದೇಸಿ', 'ನಾಟಿ' ಅಂತ ಚೀಟಿ ಅಂಟಿಸಿ, ಸೆಣಬಿನ ದಾರ ಕಟ್ಟಿ, ಮೂರು ಪಟ್ಟು ಬೆಲೆಗೆ ಮಾರುವವರು. ಚೆಂಡುಹೂವು ಮೆಕ್ಸಿಕೋ ಕಡೆಯದು ಕಣ್ರೀ. ಮಲೆನಾಡಿನ ಹೆಂಗಸರು ಜೀವ ಬಿಡುವ ಡೇರೆಯೂ ಅಲ್ಲಿಯದೇ. ಸಂಜೆಮಲ್ಲಿಗೆ ಕೂಡ ಅಮೆರಿಕ ಖಂಡದಿಂದ ಬಂದದ್ದು. ಅವು ನಮ್ಮವಾದದ್ದು ನಮ್ಮ ಅಜ್ಜಿಯಂದಿರು ವರ್ಷ ವರ್ಷ ಬೀಜ, ಗೆಡ್ಡೆ ಎತ್ತಿಟ್ಟು ಒಬ್ಬರಿಗೊಬ್ಬರು ಕೊಟ್ಟದ್ದರಿಂದ. ಆ ಕೆಲಸ ಮಾಡದೆ ಚೀಟಿ ಅಂಟಿಸಿದರೆ ದೇಸಿ ಆಗುತ್ತಾ?

ಸೊಪ್ಪು, ಮೂಲಿಕೆಗಳ ವಿಷಯದಲ್ಲಂತೂ ಪ್ಯಾಕೆಟ್ಟೇ ದಂಡ. 'ಇಟಾಲಿಯನ್ ಬೇಸಿಲ್' ಎಂದು ದುಡ್ಡು ಸುರಿಯುತ್ತಾರೆ, ನಮ್ಮ ಕಾಮಕಸ್ತೂರಿ ಅದೇ ಪ್ರಭೇದ. ಪರಿಮಳ ಸ್ವಲ್ಪ ಬೇರೆ, ಒಪ್ಪಿದೆ. ಶರಬತ್ತಿಗೆ ಅಂತ ದಿನಸಿ ಅಂಗಡಿಯಲ್ಲಿ ಮಾರುವ ಕಾಮಕಸ್ತೂರಿ ಬೀಜವನ್ನೇ ಚೆಲ್ಲಿ ನೋಡಿ. ಕೊತ್ತಂಬರಿಗೆ ಅಡುಗೆಮನೆ ಡಬ್ಬಿಯ ಧನಿಯವನ್ನು ಮೆಲ್ಲಗೆ ತಿಕ್ಕಿ ಎರಡು ಹೋಳು ಮಾಡಿದರಾಯಿತು, ಮೆಂತ್ಯಕ್ಕೆ ಅಷ್ಟೂ ಬೇಡ. ಪುದೀನಕ್ಕೆ ಬೀಜ ಕೊಳ್ಳುವವರನ್ನು ಕಂಡರೆ ನನಗೆ ನಿಜಕ್ಕೂ ಅಳು ಬರುತ್ತದೆ, ಸಂತೆಯ ಕಟ್ಟಿನಿಂದ ನಾಲ್ಕು ಕಡ್ಡಿ ನೀರಲ್ಲಿಟ್ಟರೆ ವಾರದಲ್ಲಿ ಬೇರು. ದೊಡ್ಡಪತ್ರೆಯೂ ಹಾಗೇ. ಅಂದಹಾಗೆ, ನರ್ಸರಿಗಳಲ್ಲಿ ದೊಡ್ಡಪತ್ರೆಗೆ 'ಅಜವಾನ ಗಿಡ' ಅನ್ನುತ್ತಾರೆ. ಅದನ್ನು ನಂಬಿ ನನ್ನ ಸಹೋದ್ಯೋಗಿಯೊಬ್ಬರು ಓಂಕಾಳು ಬಿತ್ತಿ ದೊಡ್ಡಪತ್ರೆ ಬರಲಿ ಎಂದು ಎರಡು ತಿಂಗಳು ಕಾದರು :-) ಎರಡೂ ಬೇರೆ ಬೇರೆ ಗಿಡ. ಇನ್ನೊಂದು ಮಾತು, ಗುಲಾಬಿಯೋ ನೀಲಿಯೋ ಬಣ್ಣ ಬಳಿದ ಪ್ಯಾಕೆಟ್ಟಿನ ಬೀಜ ಉಳಿಯಿತೆಂದು ಒಗ್ಗರಣೆಗೆ ಹಾಕೀರಿ ಜೋಕೆ, ಅದು ಬೂಸ್ಟು ಹಿಡಿಯದಂತೆ ಹಚ್ಚಿದ ವಿಷ.

ಲ್ಯಾವೆಂಡರ್, ರೋಸ್‌ಮೇರಿ? ರೋಸ್‌ಮೇರಿ ಬೀಜ ಮೊಳೆಯುವುದೇ ಕಷ್ಟ, ಕಡ್ಡಿ ನೆಡುವುದು ವಾಸಿ. ಲ್ಯಾವೆಂಡರಿಗೆ ನಮ್ಮ ಮಳೆಗಾಲದ ತೇವ ಆಗಿಬರುವುದಿಲ್ಲ. ಅಷ್ಟೇ.

ಮರದ ಬೀಜಕ್ಕೆ ಬರೋಣ. ಇಲ್ಲಿ ನನಗೆ ಸಿಟ್ಟು ಜಾಸ್ತಿ. ಸಂಪಿಗೆ, ಕರಿಬೇವು, ನೇರಳೆ, ಹಲಸು, ಇವುಗಳ ಬೀಜಕ್ಕೆ ಒಣಗಿ ಕಾಯುವ ಗುಣವೇ ಇಲ್ಲ. ಕರಿಬೇವಿನ ಕಪ್ಪು ಹಣ್ಣು ಕಿತ್ತ ಕೂಡಲೇ ತಿರುಳು ತೊಳೆದು ಮಣ್ಣಿಗೆ ಹಾಕಬೇಕು. ಹಲಸಿನ ಬೀಜ ಹಣ್ಣು ತಿಂದ ವಾರದಲ್ಲೇ ಮಣ್ಣು ಸೇರಬೇಕು. ಸಂಪಿಗೆಯ ಕೆಂಪು ತಿರುಳು ಬಿಡಿಸಿ ತಡಮಾಡದೆ ಹಾಕಬೇಕು. ಬೇವಿನ ಬೀಜಕ್ಕೆ ಎರಡು ಮೂರು ವಾರ ಕಳೆದರೆ ಮೊಳೆಯುವ ಶಕ್ತಿ ಇಳಿಯತೊಡಗುತ್ತದೆ. ಹೀಗಿರುವಾಗ ಗೋದಾಮಿನಲ್ಲಿ ಎಷ್ಟು ತಿಂಗಳಿತ್ತೋ ಏನೋ ಆ ಕರಿಬೇವಿನ ಬೀಜದ ಪೊಟ್ಟಣದೊಳಗೆ ಇರುವುದು ಹೆಣ. ಪ್ಯಾಕೆಟ್ಟಿನ ಮೇಲೆ ಪ್ಯಾಕ್ ಮಾಡಿದ ದಿನ ಇರುತ್ತದೆ, ಹಣ್ಣಿನಿಂದ ಬಿಡಿಸಿದ ದಿನ ಇರುವುದಿಲ್ಲ. ಮೊಳೆಯದಿದ್ದಾಗ ಜನ "ನನ್ನ ಕೈಗುಣವೇ ಸರಿಯಿಲ್ಲ" ಅಂದುಕೊಂಡು ಗಿಡ ಬೆಳೆಸುವುದನ್ನೇ ಬಿಡುತ್ತಾರಲ್ಲ, ಅದು ನನಗೆ ಸಹಿಸಲಾಗದ್ದು. ಪ್ಯಾಕೆಟ್ಟಿನಲ್ಲಿ ಕೊಳ್ಳಲೇಬೇಕೆಂದರೆ ಕಕ್ಕೆ, ಹುಣಸೆಯಂಥವನ್ನು ಕೊಳ್ಳಿ. ಅವುಗಳ ಸಿಪ್ಪೆ ಕಲ್ಲಿನಂಥದ್ದು, ವರ್ಷಗಟ್ಟಲೆ ಜೀವ ಹಿಡಿದಿರುತ್ತವೆ. ಬಡಗಿಯ ಉಪ್ಪುಕಾಗದದಲ್ಲಿ ಒಂದು ಬದಿ ಉಜ್ಜಿ ರಾತ್ರಿ ನೆನೆಹಾಕಿದರೆ ಏಳುತ್ತವೆ.

ಆದರೆ ಕಕ್ಕೆ ಹಾಕುವ ಜಾಗ ಎಲ್ಲಿದೆ? 30×40 ಸೈಟಿನಲ್ಲಿ ಮನೆ ಕಟ್ಟಿ ಉಳಿದ ನಾಲ್ಕಡಿಯಲ್ಲಿ ಸಂಪಿಗೆ ಹಾಕುವವರಿದ್ದಾರೆ. ಹತ್ತು ವರ್ಷಕ್ಕೆ ಕಾಂಪೌಂಡು ಬಿರುಕು ಬಿಡುತ್ತದೆ, ಮರ ಕಡಿಯಬೇಕಾಗುತ್ತದೆ. ಅಲ್ಲಿಗೆ ಪಾರಿಜಾತ, ಕರಿಬೇವು ಸಾಕು. ಊರಲ್ಲಿ ಜಾಗ ಇದ್ದವರಿಗೂ ಒಂದು ಎಚ್ಚರಿಕೆ. ಮುರುಗಲು, ಅಂದರೆ ಕರಾವಳಿಯವರ ಪುನರ್ಪುಳಿ, ಗಂಡು ಮರ ಬೇರೆ ಹೆಣ್ಣು ಮರ ಬೇರೆ. ಬೀಜದಿಂದ ಹಾಕಿ ಏಳೆಂಟು ವರ್ಷ ಕಾದ ಮೇಲೆ ಗಂಡು ಅಂತ ಗೊತ್ತಾದರೆ ಯಾರನ್ನು ಬೈಯುತ್ತೀರಿ? ಅಲ್ಲಿ ಕಸಿ ಗಿಡವೇ ಸರಿ. ನೋಡಿ, ಬೀಜವೇ ಶ್ರೇಷ್ಠ ಅಂತ ನಾನು ಎಲ್ಲಿಯೂ ಹೇಳುತ್ತಿಲ್ಲ.

"ನಮ್ಮ ಜಾಗ, ನಮ್ಮ ದುಡ್ಡು, ನಾವು ಏನಾದರೂ ಹಾಕ್ಕೋತೀವಿ, ನಿಮಗೇನು?" ಅಂತ ಗೆಳೆಯ ಕೇಳಿದ್ದ. ಲಂಟಾನ ಗೊತ್ತಲ್ಲ? ಬಂಡೀಪುರ, ಬಿಳಿಗಿರಿರಂಗನ ಬೆಟ್ಟದ ಕಾಡಿನೊಳಗೆ ಜಿಂಕೆಗೆ ಹುಲ್ಲು ಬೆಳೆಯಲು ಬಿಡದೆ ಹಬ್ಬಿರುವ ಪೊದೆ. ಅದನ್ನು 19ನೇ ಶತಮಾನದ ಶುರುವಿನಲ್ಲಿ ಭಾರತಕ್ಕೆ ತಂದದ್ದು ಹೂವು ಚೆಂದ ಅಂತ, ತೋಟದ ಅಲಂಕಾರಕ್ಕೆ. ಹಕ್ಕಿಗಳು ಹಣ್ಣು ತಿಂದವು, ಕಾಡಿಗೆ ಒಯ್ದವು. ಕೆರೆಗಳ ಉಸಿರು ಕಟ್ಟಿಸಿದ ನೇರಳೆ ಹೂವಿನ ಜಲಕಳೆಯೂ ಹೂವಿನ ಚೆಂದಕ್ಕೇ ದೇಶ ದೇಶ ಸುತ್ತಿದ್ದು. ಅಂಗಳದ ಬೇಲಿ ನಮಗೆ ನಿಮಗೆ ಲೆಕ್ಕ, ಪಿಕಳಾರನಿಗೆ ಅದು ಲೆಕ್ಕವಿಲ್ಲ. ಹಾಗಾಗಿ ಊರು ಕೇರಿ ಗೊತ್ತಿಲ್ಲದ, ಹೆಸರೇ ಇಲ್ಲದ ಬೀಜವನ್ನು 'ಬರಲಿ ನೋಡೋಣ' ಅಂತ ಎರಚಬೇಡಿ, ಅದರಲ್ಲೂ ಕಾಡಂಚಿನ ಊರಿನವರು.

ಹಳೆಯ ಬೀಜ ಇದ್ದರೆ ಹತ್ತು ಬೀಜವನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ವಾರ ಬಿಟ್ಟು ನೋಡಿ, ಎಷ್ಟು ಮೊಳೆತಿದೆ ಅಂತ ಎಣಿಸಿ. ನಾನು ಇದನ್ನು ಕಲಿತದ್ದು ಬಾಟಲಿಯ ಬೀಜ ಬೂಸ್ಟು ಹಿಡಿದ ಮೇಲೆ. ಇನ್ನೂ ಒಂದು ಕಲಿತೆ. ಒಂದೇ ಮನೆಯಲ್ಲಿ ಇಟ್ಟ ಬೀಜ ಒಂದೇ ಮಳೆಗಾಲಕ್ಕೆ ಹೋಗಿಬಿಡಬಹುದು, ನಾಲ್ಕು ಮನೆಯಲ್ಲಿದ್ದರೆ ಎಲ್ಲೋ ಉಳಿದಿರುತ್ತದೆ. ಅಮ್ಮನ ಕರ್ಣಕುಂಡಲ ಸಿಕ್ಕಿದ್ದೂ ಹಾಗೇ. 2022ರಲ್ಲಿ ಹೊಸನಗರದ ಚಿಕ್ಕಮ್ಮನ ಮನೆಗೆ ಹೋದಾಗ ಬಚ್ಚಲ ನೀರು ಹರಿಯುವಲ್ಲಿ ನಾಲ್ಕಾರು ಗಿಡ ನಿಂತಿದ್ದವು. "ಇದು ನಿಮ್ಮನೇದೇ ಕಣೋ, ಅಕ್ಕ ಯಾವತ್ತೋ ಕೊಟ್ಟಿದ್ದು" ಅಂದಳು ಚಿಕ್ಕಮ್ಮ. ಒಂದು ಹಿಡಿ ಬೀಜ ಕರವಸ್ತ್ರದಲ್ಲಿ ಕಟ್ಟಿಕೊಂಡು ಬಂದೆ.

ಮೊದಲ ವರ್ಷ ಅರಳಿದಾಗ ಅಮ್ಮ ಫೋನು ಮಾಡಿದಳು. "ಇದು ಅದೇ ಅಲ್ಲ. ಅವಳು ಪಕ್ಕದಲ್ಲಿ ಬಿಳೀದು ಹಾಕಿದ್ದಳು ಅನ್ನಿಸುತ್ತೆ, ಬೆರೆತು ಹೋಗಿದೆ" ಅಂದಳು. 19 ಗಿಡದಲ್ಲಿ ಮೂರು ಮಾತ್ರ ತಿಳಿ ಕೆಂಪು, ಚುಕ್ಕೆ ಒಂದರಲ್ಲಷ್ಟೇ. ಆ ಒಂದಕ್ಕೆ ಕೆಂಪು ದಾರ ಕಟ್ಟಿ ಬೀಜಕ್ಕೆ ಬಿಟ್ಟಳು, ಉಳಿದವನ್ನು ಮೊಗ್ಗಿನಲ್ಲೇ ಕೀಳಿಸಿದಳು. ಆಮೇಲೆ ಪ್ರತಿ ವರ್ಷ ಹಾಗೇ ಮಾಡುತ್ತಿದ್ದಾಳೆ. ಕಳೆದ ಸಲ ಚುಕ್ಕೆಯ ಗಿಡ ಏಳಕ್ಕೆ ಬಂದಿತ್ತು. ಈ ಸಲದ ಬೀಜದಲ್ಲಿ ಅರ್ಧ ಬೆಂಗಳೂರಿನಲ್ಲಿ ನನ್ನ ಹತ್ತಿರ ಇದೆ, ಅಮ್ಮನೇ ಕಳಿಸಿದ್ದು.