ಹಣದುಬ್ಬರವನ್ನು ಕಟ್ಟಿಹಾಕಿದ ಸಮಾಜಶಾಸ್ತ್ರದ ಮೇಷ್ಟ್ರು

"ಸೋಷಿಯಾಲಜಿ ಓದಿ ಏನ್ ಮಾಡ್ತೀಯಾ?" ಹ್ಯುಮಾನಿಟೀಸ್ ಇಲೆಕ್ಟಿವ್ ಆರಿಸೋ ಸಮಯ ಬಂದಾಗಲೆಲ್ಲ ನಮ್ಮ ಕ್ಯಾಂಪಸ್ಸಿನಲ್ಲಿ ಕೇಳಿಬರೋ ಪ್ರಶ್ನೆ ಇದು. ಅಟೆಂಡೆನ್ಸಿಗೆ, ಸುಲಭದ ಗ್ರೇಡಿಗೆ ತಗೊಳ್ಳೋ ವಿಷಯ ಅಂತ ಅದಕ್ಕೊಂದು ಹಣೆಪಟ್ಟಿ ಬೇರೆ. ದೇಶವನ್ನು ಇಂಜಿನಿಯರುಗಳ ಕೈಗೆ ಕೊಟ್ಟರೆ ಎಲ್ಲ ಸರಿಹೋಗುತ್ತೆ ಅನ್ನೋ ಮಾತೂ ಕ್ಯಾಂಟೀನಿನಲ್ಲಿ ಆಗಾಗ ಬರುತ್ತೆ. ಈ ಎರಡೂ ಮಾತಿಗೆ ನಮ್ಮ ತಕರಾರಿದೆ. ಅದಕ್ಕೆ ಸಾಕ್ಷಿಯಾಗಿ ಬ್ರೆಜಿಲ್‌ನ ಒಬ್ಬ ಮೇಷ್ಟ್ರ ಕಥೆ ಹೇಳ್ತೀವಿ.

ಹೆಸರು ಫರ್ನಾಂಡೊ ಹೆನ್ರಿಕೆ ಕಾರ್ಡೋಸೊ. 1931ರಲ್ಲಿ ರಿಯೊ ಡಿ ಜನೈರೊದಲ್ಲಿ, ಸೇನಾಧಿಕಾರಿಗಳ ಮನೆತನದಲ್ಲಿ ಹುಟ್ಟಿದವರು. ಓದಿದ್ದು, ಆಮೇಲೆ ಪಾಠ ಹೇಳಿದ್ದು ಸಾವೊ ಪಾಲೊ ವಿಶ್ವವಿದ್ಯಾಲಯದಲ್ಲಿ, ಸಮಾಜಶಾಸ್ತ್ರ. ದಕ್ಷಿಣ ಬ್ರೆಜಿಲ್‌ನ ಗುಲಾಮಗಿರಿ, ವರ್ಣಭೇದಗಳ ಬಗ್ಗೆ ಸಂಶೋಧನೆ ಮಾಡಿದರು. 1964ರಲ್ಲಿ ಸೇನೆ ಅಧಿಕಾರ ಹಿಡಿದಾಗ ದೇಶ ಬಿಟ್ಟು ಚಿಲಿಗೆ ಹೋದರು. ಅಲ್ಲಿ ಎನ್ಜೊ ಫಲೆಟ್ಟೊ ಜೊತೆ ಸೇರಿ, ಲ್ಯಾಟಿನ್ ಅಮೆರಿಕದ ದೇಶಗಳು ಶ್ರೀಮಂತ ದೇಶಗಳ ಮೇಲೆ ಹೇಗೆ ಅವಲಂಬಿತವಾಗಿವೆ ಅನ್ನೋದರ ಬಗ್ಗೆ ಬರೆದ ಪುಸ್ತಕ 1969ರಲ್ಲಿ ಬಂತು. 1968ರಲ್ಲಿ ಊರಿಗೆ ಮರಳಿದರೆ, ಮರುವರ್ಷವೇ ಸೇನಾ ಸರ್ಕಾರ ಕಡ್ಡಾಯ ನಿವೃತ್ತಿ ಕೊಟ್ಟು ಮನೆಗೆ ಕಳಿಸಿತು. ಆಗ ವಯಸ್ಸು 37! ಗೆಳೆಯರ ಜೊತೆ ಸೇರಿ ಸೆಬ್ರಾಪ್ ಅನ್ನೋ ಸಂಶೋಧನಾ ಸಂಸ್ಥೆ ಕಟ್ಟಿದರು. 1976ರಲ್ಲಿ ಅದರ ಮೇಲೆ ಬಾಂಬ್ ದಾಳಿಯೂ ಆಯ್ತು.

ರಾಜಕೀಯಕ್ಕೆ ಬಂದ ಮೇಲೂ ಹಾದಿ ಸಲೀಸಾಗಿರಲಿಲ್ಲ. 1983ರಲ್ಲಿ ಸೆನೆಟರ್ ಆದರು. 1985ರಲ್ಲಿ ಸಾವೊ ಪಾಲೊ ಮೇಯರ್ ಚುನಾವಣೆಗೆ ನಿಂತು, ಮತದಾನಕ್ಕೆ ಮೊದಲೇ ಮೇಯರ್ ಕುರ್ಚಿ ಮೇಲೆ ಕೂತು ಫೋಟೋ ತೆಗೆಸಿಕೊಂಡರು. ಆಮೇಲೆ ಸೋತರು. ಗೆದ್ದ ಜಾನಿಯೊ ಕ್ವಾಡ್ರೊಸ್ ಆ ಕುರ್ಚಿಗೆ ಎಲ್ಲರೆದುರೇ ಕ್ರಿಮಿನಾಶಕ ಹೊಡೆದು ಕೂತರು. ಮೇಷ್ಟ್ರಿಗೆ ಅದೊಂದು ಪಾಠ.

ನಮ್ಮ ವಾದಕ್ಕೆ ಬೇಕಾದ ಭಾಗ ಶುರುವಾಗೋದು 1993ರ ಮೇ ತಿಂಗಳಲ್ಲಿ. ಅಧ್ಯಕ್ಷ ಇಟಮಾರ್ ಫ್ರಾಂಕೊ ಅವರನ್ನು ಹಣಕಾಸು ಸಚಿವರನ್ನಾಗಿ ಮಾಡಿದರು. ಆ ವರ್ಷದ ಹಣದುಬ್ಬರ ಶೇ. 2,400ಕ್ಕೂ ಹೆಚ್ಚು. ಸಂಬಳ ಬಂದ ದಿನವೇ ಜನ ಅಂಗಡಿಗೆ ಓಡ್ತಿದ್ದರು, ಯಾಕಂದ್ರೆ ನಾಳೆ ಬೆಲೆ ಬೇರೆ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಇದು ಪಾಸಿಟಿವ್ ಫೀಡ್‌ಬ್ಯಾಕ್ ಲೂಪ್: ನಿನ್ನೆ ಬೆಲೆ ಏರಿತು, ಅದಕ್ಕೆ ಇವತ್ತೂ ಏರಿಸ್ತೀನಿ. ಹಿಂದಿನ ಸರ್ಕಾರಗಳು ಇದನ್ನು ಒಂದೇ ಏಟಿಗೆ ಕತ್ತರಿಸೋಕೆ ನೋಡಿದ್ದವು. 1986ರಲ್ಲಿ ಬೆಲೆಗಳನ್ನು ಸ್ಥಗಿತಗೊಳಿಸಿದರು, ಅಂಗಡಿಯಿಂದ ಸಾಮಾನೇ ಮಾಯವಾಯ್ತು. 1990ರಲ್ಲಿ ಬ್ಯಾಂಕಿನಲ್ಲಿದ್ದ ಜನರ ಹಣವನ್ನೇ ತಡೆಹಿಡಿದರು. 1986ರಿಂದ 1993ರೊಳಗೆ ನಾಲ್ಕು ಸಲ ಕರೆನ್ಸಿ ಬದಲಾಯ್ತು. ಹಣದುಬ್ಬರ ಮಾತ್ರ ಹಾಗೇ ಇತ್ತು.

ಕಾರ್ಡೋಸೊ ಅರ್ಥಶಾಸ್ತ್ರಜ್ಞರಲ್ಲ. ಪರಿಹಾರದ ಮೂಲ ಐಡಿಯಾ ಅವರದ್ದೂ ಅಲ್ಲ. ಪರ್ಸಿಯೊ ಅರಿಡಾ, ಆಂಡ್ರೆ ಲಾರಾ ರೆಸೆಂಡೆ ಅನ್ನೋ ಅರ್ಥಶಾಸ್ತ್ರಜ್ಞರು ಸುಮಾರು ಹತ್ತು ವರ್ಷ ಮೊದಲೇ ಅದರ ಬಗ್ಗೆ ಬರೆದಿದ್ದರು. ಅದು ಹೀಗೆ: 1994ರ ಮಾರ್ಚ್ 1ರಿಂದ ಯುಆರ್‌ವಿ ಅನ್ನೋ ಲೆಕ್ಕದ ಮಾನ ಬಂತು. ನೋಟಿಲ್ಲ, ನಾಣ್ಯವಿಲ್ಲ, ಬರೀ ಅಳತೆ. ಸಂಬಳ, ಬೆಲೆ, ಒಪ್ಪಂದಗಳನ್ನು ಕ್ರಮೇಣ ಅದರಲ್ಲಿ ಬರೆಯೋದು, ದುಡ್ಡು ಕೊಡೋದು ಮಾತ್ರ ಹಳೇ ಕ್ರುಜೇರೊ ರೆಯಾಲ್‌ನಲ್ಲಿ. ಮೊದಲ ದಿನ 1 ಯುಆರ್‌ವಿ ಅಂದ್ರೆ 647.50 ಕ್ರುಜೇರೊ ರೆಯಾಲ್. ಜುಲೈ 1ಕ್ಕೆ 2,750. ಹಳೇ ದುಡ್ಡು ಕರಗ್ತಾ ಹೋಯ್ತು, ಯುಆರ್‌ವಿಯಲ್ಲಿ ಬರೆದ ಬೆಲೆ ಹೆಚ್ಚುಕಡಿಮೆ ಅಲ್ಲೇ ನಿಂತಿತು. ಜನರಿಗೆ ಅದರ ಮೇಲೆ ನಂಬಿಕೆ ಕೂತ ಮೇಲೆ, ಜುಲೈ 1ರಂದು ಅದನ್ನೇ ರೆಯಾಲ್ ಅನ್ನೋ ಹೊಸ ನೋಟು ಮಾಡಿದರು. 1998ರ ಹೊತ್ತಿಗೆ ವರ್ಷದ ಹಣದುಬ್ಬರ ಶೇ. 2ಕ್ಕಿಂತ ಕೆಳಗೆ ಬಂತು.

ಹಾಗಾದ್ರೆ ಮೇಷ್ಟ್ರು ಮಾಡಿದ್ದೇನು? ಮುಂದೆ ಏನಾಗುತ್ತೆ ಅಂತ ಹಂತಹಂತವಾಗಿ ಮೊದಲೇ ಹೇಳಿದರು. ಸಂಸತ್ತನ್ನು ಒಪ್ಪಿಸಿದರು, ಟೀವಿಯಲ್ಲಿ ಜನರಿಗೆ ವಿವರಿಸಿದರು. ರಾತ್ರೋರಾತ್ರಿ ಶಾಕ್ ಕೊಡಲಿಲ್ಲ. ಐಡಿಯಾ ಹತ್ತು ವರ್ಷ ಕಾಗದದ ಮೇಲಿತ್ತು. ಜನ ಯಾಕೆ ನಂಬ್ತಾರೆ, ಯಾಕೆ ನಂಬಲ್ಲ ಅಂತ ಯೋಚಿಸೋ ಮನುಷ್ಯ ಬಂದ ಮೇಲೆ ಅದು ಓಡಿತು. ಮಾರ್ಚ್ ಕೊನೆಯಲ್ಲಿ ಸಚಿವ ಸ್ಥಾನ ಬಿಟ್ಟು ಚುನಾವಣೆಗೆ ನಿಂತರು. ಸಮೀಕ್ಷೆಗಳಲ್ಲಿ ಮುಂದಿದ್ದ ಲೂಲಾರನ್ನು ಅಕ್ಟೋಬರಿನಲ್ಲಿ ಮೊದಲ ಸುತ್ತಲ್ಲೇ ಸೋಲಿಸಿದರು.

ಹಾಗಂತ ಆರತಿ ಎತ್ತೋಕೆ ನಾವು ಬಂದಿಲ್ಲ. ಎರಡನೇ ಸಲ ಸ್ಪರ್ಧಿಸಲು ಅವಕಾಶ ಕೊಡೋ ಹಾಗೆ 1997ರಲ್ಲಿ ಸಂವಿಧಾನ ತಿದ್ದುಪಡಿಯಾಯ್ತು, ಅದರ ಲಾಭ ಪಡೆದವರು ಅವರೇ. ಪರಾವಲಂಬನೆ ಬಗ್ಗೆ ಪುಸ್ತಕ ಬರೆದವರೇ ಸರ್ಕಾರಿ ಕಂಪನಿಗಳನ್ನು ಮಾರಿದರು ಅಂತ ಎಡಪಂಥೀಯರು ಇವತ್ತಿಗೂ ಟೀಕಿಸ್ತಾರೆ. 1999ರಲ್ಲಿ ರೆಯಾಲ್ ಕುಸಿಯಿತು. 2001ರಲ್ಲಿ ಮಳೆ ಕೈಕೊಟ್ಟು ಅಣೆಕಟ್ಟುಗಳು ಬರಿದಾದವು. ವಿದ್ಯುತ್ ಉತ್ಪಾದನೆಗೆ, ಟ್ರಾನ್ಸ್‌ಮಿಷನ್ ಲೈನುಗಳಿಗೆ ಸಾಕಷ್ಟು ಬಂಡವಾಳ ಹಾಕಿರಲಿಲ್ಲ. ಮನೆಗಳು ಶೇ. 20ರಷ್ಟು ಕರೆಂಟ್ ಉಳಿಸಬೇಕಾಯ್ತು. ಅಲ್ಲಿ ಬೇಕಾಗಿದ್ದು ಇಂಜಿನಿಯರುಗಳ ಮಾತು ಮೊದಲೇ ಕೇಳೋ ಕಿವಿ.

ಅಂದ್ರೆ ತಕ್ಕಡಿ ಎರಡೂ ಕಡೆ ತೂಗುತ್ತೆ. ಜನರನ್ನು ಓದದ ಇಂಜಿನಿಯರ್, ಗ್ರಿಡ್ಡನ್ನು ಗಮನಿಸದ ಪಂಡಿತ, ಇಬ್ಬರ ಕೈಯಲ್ಲೂ ದೇಶ ಕತ್ತಲಾಗಬಹುದು. ನಾಳೆ ನಾವು ಕಟ್ಟೋ ಆ್ಯಪ್ಪು, ಮೀಟರು, ಮೆಟ್ರೋ ಎಲ್ಲವನ್ನೂ ಬಳಸೋರು ನಮ್ಮ ಹಾಗೆ ಯೋಚಿಸದ ಜನ. ಅವರು ಯಾಕೆ ನಂಬಬೇಕು ಅನ್ನೋ ಪ್ರಶ್ನೆ ಸರ್ಕ್ಯೂಟ್ ಥಿಯರಿಯಲ್ಲಿ ಬರಲ್ಲ. ಮುಂದಿನ ಸೆಮಿಸ್ಟರಿನ ಇಲೆಕ್ಟಿವ್ ಫಾರ್ಮ್ ತುಂಬುವಾಗ ಸುಲಭದ ಗ್ರೇಡನ್ನು ಪಕ್ಕಕ್ಕಿಟ್ಟು, ಸಿಲಬಸ್ಸನ್ನು ಒಂದು ಸಲ ಓದಿ ನೋಡಿ.